ಇಂಜಿನ್ ಸರಿ ಉಂಟು, ಬೋಟು ಯಾಕೆ ಹೀಗೆ ಓಡುತ್ತದೆ? ಸಣ್ಣ ಮೋಟಾರು ಬೋಟಿನ ದೋಷ ಹುಡುಕುವ ಕೈಪಿಡಿ

"ಇಂಜಿನಿಗೆ ಪುಲ್ಲಿಂಗೇ ಇಲ್ಲ ಮಾರಾಯ್ರೆ." ಸಣ್ಣ ಬೋಟು ಇಟ್ಟುಕೊಂಡವರ ಬಾಯಲ್ಲಿ ಜಾಸ್ತಿ ಕೇಳುವ ಮಾತು ಇದು. ಮಂಗಳೂರಿನ ಹಳೇ ಬಂದರಿನಲ್ಲಿ ನಿಂತರೂ ಅದೇ, ಮಲ್ಪೆಯಲ್ಲಿ ನಿಂತರೂ ಅದೇ. ಮೆಕ್ಯಾನಿಕ್ ಬರುತ್ತಾರೆ, ಕಾರ್ಬುರೇಟರ್ ಬಿಚ್ಚಿ ತೊಳೆಯುತ್ತಾರೆ, ಪ್ಲಗ್ ಹೊಸತು ಹಾಕುತ್ತಾರೆ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಬೋಟು ಮಾತ್ರ ಮೊದಲಿನ ಹಾಗೇ ಇರುತ್ತದೆ.

ನಾನು ನೋಡಿದ ಮಟ್ಟಿಗೆ, ಇಂಥ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಂಜಿನ್ನಿನ ಹೊರಗೇ ಸಿಗುತ್ತದೆ. ಭಾರ ಎಲ್ಲಿ ಕೂತಿದೆ, ಇಂಜಿನ್ ಎಷ್ಟು ಎತ್ತರದಲ್ಲಿದೆ, ಅದರ ಕಾಲು, ಅಂದರೆ ನೀರಿಗಿಳಿಯುವ ಕೆಳಭಾಗ, ಯಾವ ಕೋನಕ್ಕೆ ನಿಂತಿದೆ, ತಳಕ್ಕೆ ಏನು ಅಂಟಿದೆ, ಇಷ್ಟನ್ನು ಮೊದಲು ನೋಡಬೇಕು. ಇವುಗಳಲ್ಲಿ ಮುಕ್ಕಾಲು ಪಾಲು ಬರಿಗೈಯಲ್ಲೇ ನೋಡುವಂಥವು. ಹದಿನಾಲ್ಕರಿಂದ ಹದಿನೆಂಟು ಅಡಿಯ ಫೈಬರ್ ಬೋಟು, ಹಿಂದೆ 9.9ರಿಂದ 40 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್, ಇಂಥದ್ದು ನಿಮ್ಮಲ್ಲಿದ್ದರೆ ಮುಂದೆ ಓದಿ. ಟ್ರಾಲ್ ಬೋಟಿನ ಲೆಕ್ಕವೇ ಬೇರೆ.

ನೀರಿಗೆ ಇಳಿಸುವ ಮೊದಲು

ಪರೀಕ್ಷೆ ಮಾಡಬೇಕಾದ್ದು ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಹೊಳೆಯಲ್ಲಿ. ಸಮುದ್ರಕ್ಕೆ ಹೋಗಿ ಮಾಡಿದರೆ ಯಾವುದು ಬೋಟಿನ ದೋಷ, ಯಾವುದು ಅಲೆಯ ಆಟ ಎಂದು ಗೊತ್ತಾಗುವುದಿಲ್ಲ. ಮಂಗಳೂರಿನವರಿಗೆ ಗುರುಪುರ ಹೊಳೆ ಉಂಟು. ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ಕಡವಿನ ದಾರಿಯನ್ನು ಬಿಟ್ಟು ಮೇಲಕ್ಕೆ ಹೋಗಿ. ಉಡುಪಿ ಕಡೆಯವರಿಗೆ ಕೋಡಿಬೆಂಗ್ರೆ, ಹಂಗಾರಕಟ್ಟೆಯ ಹಿನ್ನೀರು ಸಾಕು.

ಜತೆಗೆ ಒಬ್ಬರು ಇರಲಿ. ಇಬ್ಬರಿಗೂ ಲೈಫ್ ಜಾಕೆಟ್, ಓಡಿಸುವವರ ಕೈಗೆ ಅಥವಾ ಕಾಲಿಗೆ ಕಿಲ್ ಸ್ವಿಚ್ಚಿನ ದಾರ. ದಾರವನ್ನು ಎಳೆದು ಇಂಜಿನ್ ನಿಜವಾಗಿಯೂ ಬಂದ್ ಆಗುತ್ತದಾ ಎಂದು ದಡದಲ್ಲೇ ನೋಡಿ. ದಾರ ಇದ್ದೂ ಸ್ವಿಚ್ ಉಪ್ಪು ಹಿಡಿದು ಕೆಲಸ ಮಾಡದ ಬೋಟುಗಳು ಬೇಕಾದಷ್ಟು ಸಿಗುತ್ತವೆ. ಪ್ರೊಪೆಲ್ಲರಿಗೆ ಕೈ ಹಾಕುವ ಮೊದಲು ಇಂಜಿನ್ ಬಂದ್, ಗೇರ್ ನ್ಯೂಟ್ರಲ್, ಪ್ಲಗ್ ವೈರ್ ಬಿಚ್ಚಿ ಪಕ್ಕಕ್ಕೆ. ಇದಕ್ಕೆ ರಿಯಾಯಿತಿ ಇಲ್ಲ.

ಇಂಜಿನ್ನನ್ನು ಬೋಟಿಗೆ ಹಿಡಿಸುವ ಕ್ಲ್ಯಾಂಪಿನ ಎರಡು ಸ್ಕ್ರೂ ಬಿಗಿ ಇದೆಯಾ ನೋಡಿ. ಅವು ನಡುಕಕ್ಕೆ ತಾವಾಗಿ ಸಡಿಲ ಆಗುತ್ತವೆ. ಇಂಜಿನ್ನಿಗೆ ಒಂದು ಸರಪಳಿಯೋ ಗಟ್ಟಿ ಹಗ್ಗವೋ ಕಟ್ಟಿರಲಿ. ಫೋನಿನಲ್ಲಿ ಜಿಪಿಎಸ್ ವೇಗ ತೋರಿಸುವ ಆ್ಯಪ್ ಒಂದು ಇದ್ದರೆ ಸಾಕು, ಬೇರೆ ಉಪಕರಣ ಬೇಡ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇಂಜಿನ್ನಿನ ಕೋನ ಬದಲಿಸುವ ಪಿನ್ನನ್ನೂ ಸರಿಸಿ, ಟ್ಯಾಂಕನ್ನೂ ಸರಿಸಿ, ಪ್ರೊಪೆಲ್ಲರನ್ನೂ ಬದಲಿಸಿದರೆ ಬೋಟು ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಮೂತಿ ಮೇಲಕ್ಕೆ ನಿಲ್ಲುತ್ತದೆ, ಬೋಟು ಏಳುವುದೇ ಇಲ್ಲ

ಥ್ರಾಟಲ್ ಪೂರ್ತಿ ಕೊಟ್ಟಿದ್ದೀರಿ. ಮೂತಿ ಎದ್ದು ಎದುರಿನ ದಡವೇ ಕಾಣುವುದಿಲ್ಲ. ಹಿಂದುಗಡೆ ದೊಡ್ಡ ಗುಂಡಿ, ಅದರ ಹಿಂದೆ ದೊಡ್ಡ ಅಲೆ. ಇಂಜಿನ್ ಒದ್ದಾಡುತ್ತಿದೆ, ಬೋಟು ನೀರಿನ ಮೇಲೆ ಏರಿ ಜಾರುತ್ತಿಲ್ಲ, ಅಂದರೆ ಪ್ಲೇನಿಗೆ ಬರುತ್ತಿಲ್ಲ.

ಮೊದಲು ಬೋಟಿನೊಳಗೆ ನೋಡಿ. ಪೆಟ್ರೋಲ್ ಟ್ಯಾಂಕ್ ಹಿಂದೆ, ಬ್ಯಾಟರಿ ಹಿಂದೆ, ಐಸ್ ಪೆಟ್ಟಿಗೆ ಹಿಂದೆ, ಹ್ಯಾಂಡಲ್ ಹಿಡಿದವರು ಹಿಂದೆ, ಅವರಿಗೆ ಜತೆಯೆಂದು ಇನ್ನೊಬ್ಬರೂ ಹಿಂದೆ. ಮುಂದೆ ಇರುವುದು ಲಂಗರು ಮಾತ್ರ! 25 ಲೀಟರಿನ ತುಂಬಿದ ಟ್ಯಾಂಕ್ ಅಂದರೆ ಹದಿನೆಂಟು ಇಪ್ಪತ್ತು ಕಿಲೋ. ಅದನ್ನು ನಡುವಿಗೆ ತನ್ನಿ, ಐಸ್ ಪೆಟ್ಟಿಗೆಯನ್ನು ಅದಕ್ಕೂ ಮುಂದೆ ಇಡಿ, ಜತೆಗಿದ್ದವರನ್ನು ಮುಂದಿನ ಹಲಗೆಯಲ್ಲಿ ಕೂರಿಸಿ. ಖರ್ಚು ಸೊನ್ನೆ. ಅರ್ಧದಷ್ಟು ಬೋಟುಗಳು ಇಲ್ಲೇ ಸರಿಹೋಗುತ್ತವೆ.

ಇತ್ತೀಚೆಗೆ ಇಂಜಿನ್ ಬದಲಿಸಿದವರು ಇದನ್ನು ಇನ್ನೂ ಗಮನಿಸಬೇಕು. ಹಳೆಯ 15 ಎಚ್‌ಪಿ ಟೂ-ಸ್ಟ್ರೋಕ್ ಸುಮಾರು 36 ಕಿಲೋ ತೂಗುತ್ತಿತ್ತು. ಅದೇ ಶಕ್ತಿಯ ಫೋರ್-ಸ್ಟ್ರೋಕ್ 50 ಕಿಲೋದ ಸುಮಾರಿಗೆ ಬರುತ್ತದೆ. ಆ ಹೆಚ್ಚುವರಿ ಭಾರ ಕೂರುವುದು ಬೋಟಿನ ತುತ್ತ ತುದಿಯಲ್ಲಿ. "ಹೊಸ ಇಂಜಿನಿಗಿಂತ ಹಳೇದೇ ಚಲೋ ಇತ್ತು" ಅನ್ನುವವರು ಬೈಯಬೇಕಾದ್ದು ಇಂಜಿನ್ನನ್ನಲ್ಲ, ಆ ಹದಿನಾಲ್ಕು ಕಿಲೋವನ್ನು.

ಹ್ಯಾಂಡಲ್ ಹಿಡಿಯುವವರು ಮುಂದೆ ಕೂರಬೇಕಾದರೆ ಹ್ಯಾಂಡಲ್ಲನ್ನು ಉದ್ದ ಮಾಡಬೇಕು. ರೆಡಿಮೇಡ್ ಸಿಗುತ್ತದೆ, ಪಿವಿಸಿ ಪೈಪಿನಲ್ಲಿ ಮಾಡಿಕೊಳ್ಳುವವರೂ ಇದ್ದಾರೆ. ಪೈಪಾದರೆ ಕ್ಲಿಪ್ ಹಾಕಿ ಬಿಗಿಯಿರಿ, ಓಡುವಾಗ ಅದು ಕೈಯಲ್ಲೇ ಕಳಚಿ ಬಂದರೆ ಕಥೆ ಮುಗಿಯಿತು. ಕಿಲ್ ಸ್ವಿಚ್ಚಿನ ದಾರ ಅಲ್ಲಿಯವರೆಗೆ ಮುಟ್ಟುತ್ತದಾ ಎಂದೂ ನೋಡಿಕೊಳ್ಳಿ.

ಆಮೇಲೆ ಇಂಜಿನ್ನಿನ ಕೋನ. ಕ್ಲ್ಯಾಂಪಿನ ಬದಿಯಲ್ಲಿ ನಾಲ್ಕೈದು ತೂತುಗಳ ಸಾಲು, ಅದರಲ್ಲಿ ಅಡ್ಡಕ್ಕೆ ಒಂದು ಪಿನ್ ಇರುತ್ತದೆ. ಇಂಜಿನ್ನಿನ ಕಾಲು ಆ ಪಿನ್ನಿಗೆ ಒರಗಿ ನಿಲ್ಲುತ್ತದೆ. ಪಿನ್ ಬೋಟಿನ ಹತ್ತಿರದ ತೂತಿಗೆ ಬಂದಷ್ಟೂ ಕಾಲು ಒಳಗೆ, ಮೂತಿ ಕೆಳಗೆ. ದೂರದ ತೂತಿಗೆ ಹೋದಷ್ಟೂ ಕಾಲು ಹೊರಗೆ, ಮೂತಿ ಮೇಲೆ. ಇಂಜಿನ್ ಬಂದ್ ಮಾಡಿ, ಮೇಲಕ್ಕೆತ್ತಿ, ಪಿನ್ನನ್ನು ಒಂದು ತೂತು ಒಳಗೆ ಹಾಕಿ ನೋಡಿ. ಎಷ್ಟೋ ಬೋಟುಗಳಲ್ಲಿ ಈ ಪಿನ್ ಅಂಗಡಿಯಿಂದ ಬಂದ ದಿನ ಎಲ್ಲಿತ್ತೋ ಈಗಲೂ ಅಲ್ಲೇ ತುಕ್ಕು ಹಿಡಿದು ಕೂತಿರುತ್ತದೆ. ಹೊರಡಿಸಲು ಸುತ್ತಿಗೆಯೇ ಬೇಕಾಗುತ್ತದೆ. ಹೊರಬಂದ ಮೇಲೆ ಗ್ರೀಸ್ ಸವರಿ ಹಾಕಿ.

ಇಷ್ಟಾದರೂ ಏಳದಿದ್ದರೆ ಬೋಟನ್ನು ಮಗುಚಿ ತಳ ನೋಡಿ. ಉಪ್ಪುನೀರಿನಲ್ಲಿ ತಿಂಗಳು ನಿಂತ ಬೋಟಿಗೆ ಬಾರ್ನಕಲ್, ಅಂದರೆ ಆ ಬಿಳಿ ಗಟ್ಟಿ ಚಿಪ್ಪು, ಅಂಟದೆ ಇರುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿಯಾದಾಗ ಹುಳ ಸಾಯುತ್ತದೆ, ಚಿಪ್ಪು ಮಾತ್ರ ಬೀಳುವುದಿಲ್ಲ. ಹಾಗಾಗಿ ಹೊಳೆಯಲ್ಲಿ ಕಟ್ಟಿದ ಬೋಟು, ತಳ ಕ್ಲೀನ್ ಇರುತ್ತದೆ ಎಂದುಕೊಳ್ಳಬೇಡಿ. ಅಂಗೈ ಸವರಿದಾಗ ಒರಟು ತಾಗಿದರೂ ವೇಗ ಕಡಿಮೆಯಾಗುತ್ತದೆ. ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯಿರಿ. ಕಬ್ಬಿಣದ ಉಳಿ ಹಾಕಿದರೆ ಫೈಬರಿನ ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್ ಕಿತ್ತು ಬರುತ್ತದೆ. ಪ್ರೊಪೆಲ್ಲರಿನ ರೆಕ್ಕೆಯ ಮೇಲಿನ ನಾಲ್ಕು ಚಿಪ್ಪು ತಳದ ನಲವತ್ತು ಚಿಪ್ಪಿಗಿಂತ ಜಾಸ್ತಿ ಕಾಟ ಕೊಡುತ್ತವೆ, ಅದನ್ನು ಬಿಡಬೇಡಿ.

ಇನ್ನೊಂದು ಕಳ್ಳ, ಫೋಮಿನೊಳಗೆ ಕೂತ ನೀರು. ಎರಡು ಪದರದ ಫೈಬರ್ ಬೋಟುಗಳಲ್ಲಿ ನಡುವೆ ತೇಲುವ ಫೋಮ್ ತುಂಬಿರುತ್ತಾರೆ. ಸಣ್ಣ ಬಿರುಕಿನಿಂದ ವರ್ಷಗಟ್ಟಲೆ ನೀರು ಇಳಿದು ಅದು ಭಾರವಾಗುತ್ತದೆ. ಬೋಟನ್ನು ಮೊದಲು ನಾಲ್ಕು ಜನ ಎತ್ತುತ್ತಿದ್ದರು, ಈಗ ಆರು ಜನ ಬೇಕು ಅಂದರೆ ಸಂಶಯ ಪಡಿ. ಪಿಕಪ್ಪಿನಲ್ಲಿ ಹಾಕಿ ವೇಬ್ರಿಡ್ಜಿನಲ್ಲಿ ತೂಗಿ, ಪಿಕಪ್ಪಿನ ತೂಕ ಕಳೆಯಿರಿ. ಐದು ಹತ್ತು ಕಿಲೋ ಆಚೀಚೆ ಬಂದರೂ ಪರವಾಗಿಲ್ಲ, ನೂರು ಕಿಲೋ ನೀರು ಅಡಗಿದ್ದರೆ ಗೊತ್ತಾಗದೆ ಇರುವುದಿಲ್ಲ. ಇದರ ರಿಪೇರಿ ಫೈಬರ್ ಕೆಲಸದವರದ್ದು, ತೂತು ಕೊರೆದು ಒಣಗಿಸುತ್ತೇನೆ ಎಂದು ಸ್ವಂತ ಹೊರಡಬೇಡಿ.

ಪ್ರೊಪೆಲ್ಲರಿನ ಪಿಚ್ ಕೊನೆಯ ಮಾತು. ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಹೋಗುವ ದೂರ, ಇಂಚಿನಲ್ಲಿ. ಪಿಚ್ ಜಾಸ್ತಿಯಾದರೆ ಇಂಜಿನ್ ನಿಮಿಷಕ್ಕೆ ತಿರುಗಬೇಕಾದಷ್ಟು ಸುತ್ತು, ಅಂದರೆ ತನ್ನ ಪೂರ್ಣ ಆರ್‌ಪಿಎಂ ಮುಟ್ಟುವುದಿಲ್ಲ. ಈಗಿನ ಫೋರ್-ಸ್ಟ್ರೋಕುಗಳಿಗೆ ಸಾಮಾನ್ಯವಾಗಿ 5000ದಿಂದ 6000, ಹಳೆಯ ಟೂ-ಸ್ಟ್ರೋಕುಗಳಿಗೆ ಇದಕ್ಕಿಂತ ಸ್ವಲ್ಪ ಕಡಿಮೆ. ನಿಮ್ಮದು ಎಷ್ಟು ಎಂದು ಮ್ಯಾನುವಲ್ಲಿನಲ್ಲಿ ಇರುತ್ತದೆ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಸಿಗುತ್ತದೆ, ಅದರಲ್ಲಿ ಅಳೆಯಿರಿ. ಯಾವಾಗಲೂ ಹೊರುವಷ್ಟೇ ಭಾರ ಹೊತ್ತು, ಪೂರ್ತಿ ಥ್ರಾಟಲಿನಲ್ಲಿ. ಒಂದು ಇಂಚು ಪಿಚ್ ಇಳಿಸಿದರೆ ಹೆಚ್ಚುಕಡಿಮೆ 150–200 ಆರ್‌ಪಿಎಂ ಏರುತ್ತದೆ. ಬಲೆ, ಐಸು, ನಾಲ್ಕು ಜನ ಹೊರುವ ಬೋಟಿಗೂ ಒಬ್ಬರೇ ಗಾಳ ಹಾಕಲು ಹೋಗುವ ಬೋಟಿಗೂ ಒಂದೇ ಪ್ರೊಪೆಲ್ಲರ್ ಆಗುವುದಿಲ್ಲ.

ಒಂದು ವಿಷಯ ಮರೆಯಬಾರದು. ಹಿನ್ನೀರಿನಲ್ಲಿ ಎರಡು ಮೂರು ಅಡಿ ನೀರಿರುವ ಮರಳುದಿಣ್ಣೆಯ ಮೇಲೆ ಹೋಗುವಾಗ ಎಂಥ ಬೋಟೂ ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ ಆಗುತ್ತದೆ. ಅದು ದೋಷ ಅಲ್ಲ, ಆಳ ಸಿಕ್ಕಿದ ಕೂಡಲೇ ಸರಿಯಾಗುತ್ತದೆ.

ಓಡುವಾಗ ಮೂತಿ ಏಳುತ್ತದೆ ಬೀಳುತ್ತದೆ, ತಾಳ ಹಾಕಿದ ಹಾಗೆ

ನೀರು ಕನ್ನಡಿಯಂತೆ ಇದ್ದರೂ ಬೋಟು ಕುಣಿಯುತ್ತದೆ. ಮೂತಿ ಮೇಲೆ, ಕೆಳಗೆ, ಮತ್ತೆ ಮೇಲೆ. ವೇಗ ಜಾಸ್ತಿಯಾದಷ್ಟೂ ಕುಣಿತ ಜಾಸ್ತಿ. ಅಲೆಯೇ ಇಲ್ಲದಲ್ಲಿ ಹೀಗಾದರೆ ಅರ್ಥ ಒಂದೇ: ಮೂತಿಯನ್ನು ಎತ್ತುವ ಬಲ ಜಾಸ್ತಿ, ಹಿಡಿದು ನಿಲ್ಲಿಸುವ ಭಾರ ಸಾಲದು. ಮೂತಿ ಮಿತಿಮೀರಿ ಏಳುತ್ತದೆ, ತಳಕ್ಕೆ ನೀರಿನ ಆಧಾರ ತಪ್ಪಿ ಬೀಳುತ್ತದೆ, ಬಿದ್ದದ್ದು ಮತ್ತೆ ಏಳುತ್ತದೆ.

ಕುಣಿತ ಶುರುವಾದ ಕೂಡಲೇ ಥ್ರಾಟಲ್ ನಿಧಾನಕ್ಕೆ ಇಳಿಸಿ. ಮುಂದೆ ಕೂತವರು ಎಗರಿ ಬೀಳುವುದು ಇದರಲ್ಲೇ. ಆಮೇಲೆ ಪಿನ್ ಒಂದು ತೂತು ಒಳಗೆ. ಕಾಲಿನ ಕೋನವನ್ನು ಬಟನ್ನಿನಲ್ಲೇ ಬದಲಿಸುವ ಪವರ್ ಟ್ರಿಮ್ ಇರುವ ದೊಡ್ಡ ಇಂಜಿನ್ನಾದರೆ ಬಟನ್ ಒತ್ತಿ ಸ್ವಲ್ಪ ಒಳಗೆ ತನ್ನಿ. ಸಾಲದಿದ್ದರೆ ಭಾರ ಮುಂದಕ್ಕೆ. ಹತ್ತು ಸೇರು ನೀರಿನ ಕ್ಯಾನೊಂದನ್ನು ಮೂತಿಯ ಹತ್ತಿರ ಇಟ್ಟು ಓಡಿಸಿ ನೋಡಿ. ಕುಣಿತ ಕಡಿಮೆಯಾದರೆ ನಿಮ್ಮ ಸಮಸ್ಯೆ ಭಾರದ್ದು, ಕ್ಯಾನಿನ ಜಾಗಕ್ಕೆ ಬ್ಯಾಟರಿಯನ್ನೋ ಲಂಗರನ್ನೋ ಗಟ್ಟಿಯಾಗಿ ಕಟ್ಟಿ.

ಯಾವುದಕ್ಕೂ ಜಗ್ಗದಿದ್ದರೆ ತಳದ ಆಕಾರ ನೋಡಬೇಕು. ಗಾರೆ ಕೆಲಸದವರ ಹತ್ತಿರ ಅಲ್ಯೂಮಿನಿಯಂ ನೇರಪಟ್ಟಿ ಇರುತ್ತದೆ, ಅದನ್ನು ಕೇಳಿ ತನ್ನಿ. ಬೋಟನ್ನು ಮಗುಚಿ, ಇಂಜಿನ್ ಕೂರುವ ಹಿಂದಿನ ಹಲಗೆಯಿಂದ ಮುಂದಕ್ಕೆ ನಾಲ್ಕೈದು ಅಡಿಯವರೆಗೆ ತಳದ ಮೇಲೆ ಪಟ್ಟಿಯನ್ನು ಉದ್ದಕ್ಕೆ ಇಡಿ. ಕಣ್ಣು ಪಟ್ಟಿಯ ಮಟ್ಟಕ್ಕೆ ಬರುವ ಹಾಗೆ ಕೂತು, ಆಚೆಯಿಂದ ಟಾರ್ಚ್ ಬಿಡಿ. ಎಲ್ಲೂ ಬೆಳಕು ನುಸುಳಬಾರದು. ನಡುವೆ ತಾಗಿ ಎರಡು ತುದಿಯಲ್ಲಿ ಬೆಳಕು ಕಂಡರೆ ತಳ ಉಬ್ಬಿದೆ, ಕುಣಿತಕ್ಕೆ ಅದೇ ಮೂಲ. ಎರಡು ತುದಿ ತಾಗಿ ನಡುವೆ ಬೆಳಕು ಕಂಡರೆ ತಳ ಕುಸಿದಿದೆ. ಆಗ ಬೋಟು ಕುಣಿಯುವುದಿಲ್ಲ, ಮೂತಿ ಕೆಳಗೆ ಹಾಕಿ ನೀರು ಉಳುತ್ತದೆ, ವೇಗ ಸಾಯುತ್ತದೆ.

ಈ ಕುಸಿತ ನಮ್ಮಲ್ಲಿ ಹುಟ್ಟುವುದು ಮಳೆಗಾಲದಲ್ಲಿ, ದಡದ ಮೇಲೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲಕ್ಕೆ ದೊಡ್ಡ ಬೋಟುಗಳು ಧಕ್ಕೆ ಸೇರುವಾಗ ಸಣ್ಣ ಬೋಟಿನವರೂ ಎಳೆದು ಮೇಲೆ ಹಾಕುತ್ತಾರೆ. ಅಡಿಗೆ ಎರಡು ತೆಂಗಿನ ಮರದ ತುಂಡು, ಮೇಲೆ ಮಡಲು ಅಥವಾ ಟಾರ್ಪಾಲು. ಹಿಂದಿನ ತುಂಡು ಹಲಗೆಯ ಅಡಿಗೇ ಬರಬೇಕು. ಅದು ಎರಡು ಅಡಿ ಮುಂದೆ ಬಂದರೆ ಬೋಟಿನ ಹಿಂಭಾಗ ಗಾಳಿಯಲ್ಲಿ ನೇತಾಡುತ್ತದೆ. ಇಂಜಿನನ್ನೂ ಇಳಿಸದೆ ಬಿಟ್ಟು, ಒಳಗೆ ಮಳೆನೀರೂ ತುಂಬಿದರೆ ಎರಡು ಮೂರು ತಿಂಗಳಲ್ಲಿ ಫೈಬರ್ ಜೋತು ಬೀಳುತ್ತದೆ. ಇಂಜಿನ್ ಇಳಿಸಿ, ಡ್ರೈನ್ ಪ್ಲಗ್ ತೆಗೆದಿಡಿ, ಮೂತಿ ಸ್ವಲ್ಪ ಎತ್ತರಕ್ಕಿರಲಿ, ಮೂರು ಕಡೆ ಆಧಾರ ಕೊಡಿ.

ಇಂಜಿನ್ನಿನ ಕಾಲಿಗೆ ಹಾಕುವ ರೆಕ್ಕೆಯಾಕಾರದ ಹೈಡ್ರೋಫಾಯಿಲ್ ಬಗ್ಗೆ ಕೇಳುವವರು ತುಂಬ. ಅದು ಬೋಟನ್ನು ಬೇಗ ಏಳಿಸುತ್ತದೆ, ಕುಣಿತವನ್ನೂ ತಗ್ಗಿಸುತ್ತದೆ, ನಿಜ. ಆದರೆ ಭಾರ ಮತ್ತು ಪಿನ್ ಸರಿ ಮಾಡದೆ ಅದನ್ನು ಹಾಕಿದರೆ ರೋಗ ಒಳಗೇ ಉಳಿಯುತ್ತದೆ, ಮೇಲಿನ ವೇಗವೂ ಸ್ವಲ್ಪ ಹೋಗುತ್ತದೆ. ಎಲ್ಲ ನೋಡಿದ ಮೇಲಿನ ಆಯ್ಕೆ ಅದು.

ಇಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ

ಯಾವಾಗ ಕಿರುಚುತ್ತದೆ ಎನ್ನುವುದೇ ಇಲ್ಲಿ ಮುಖ್ಯ ಸುಳಿವು.

ತಿರುವಿನಲ್ಲಿ ಅಥವಾ ಅಲೆ ದಾಟುವಾಗ ಮಾತ್ರ ಕಿರುಚಿ, ಥ್ರಾಟಲ್ ಇಳಿಸಿದ ಕೂಡಲೇ ಮತ್ತೆ ಹಿಡಿತ ಸಿಕ್ಕರೆ ಪ್ರೊಪೆಲ್ಲರ್ ಗಾಳಿ ಕುಡಿಯುತ್ತಿದೆ. ಇಂಜಿನ್ ಎತ್ತರ ಜಾಸ್ತಿಯಾಗಿದೆ, ಇಲ್ಲವೇ ಕಾಲು ತುಂಬ ಹೊರಗಿದೆ. ಪ್ರೊಪೆಲ್ಲರಿನ ಮೇಲೆ ಅಗಲವಾದ ಒಂದು ಚಪ್ಪಟೆ ಪ್ಲೇಟ್ ಉಂಟಲ್ಲ, ಮೆಕ್ಯಾನಿಕ್ಕುಗಳು ಕ್ಯಾವಿಟೇಷನ್ ಪ್ಲೇಟ್ ಅನ್ನುತ್ತಾರೆ, ಅದು ಬೋಟಿನ ತಳದ ಸಮಕ್ಕೆ, ಇಲ್ಲವೇ ಹೆಚ್ಚೆಂದರೆ ಒಂದು ಇಂಚು ಮೇಲೆ ಇರಬೇಕು. ನೇರಪಟ್ಟಿಯನ್ನು ತಳಕ್ಕೆ ಹಿಡಿದು ಹಿಂದಕ್ಕೆ ಚಾಚಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡು ಮೂರು ಇಂಚು ಮೇಲಿದ್ದರೆ ಇಂಜಿನ್ ಇಳಿಸಿ ಕೂರಿಸಿ. ತುಂಬ ಕೆಳಗಿದ್ದರೆ ಕಿರುಚುವುದಿಲ್ಲ, ಬದಲಿಗೆ ಕಾಲಿಗೆ ನೀರು ಬಡಿದು ಹಿಂದಿನಿಂದ ಬೋಟಿನೊಳಕ್ಕೇ ಸಿಡಿಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ.

ಸೆಕೆಂಡ್‌ಹ್ಯಾಂಡ್ ಇಂಜಿನ್ ಕೊಂಡವರು ಟೇಪ್ ಹಿಡಿದು ಹಿಂದಿನ ಹಲಗೆಯ ಎತ್ತರ ಅಳೆಯಿರಿ. ಶಾರ್ಟ್ ಶಾಫ್ಟ್ ಇಂಜಿನ್ 15 ಇಂಚಿನ ಹಲಗೆಗೆ, ಲಾಂಗ್ ಶಾಫ್ಟ್ 20 ಇಂಚಿನದ್ದಕ್ಕೆ. ಕಡಿಮೆಗೆ ಸಿಕ್ಕಿತೆಂದು 20 ಇಂಚಿನ ಹಲಗೆಗೆ ಶಾರ್ಟ್ ಶಾಫ್ಟ್ ಹಾಕಿದರೆ ಪ್ರೊಪೆಲ್ಲರ್ ನೀರಿಗಿಂತ ಗಾಳಿಯಲ್ಲೇ ಜಾಸ್ತಿ ತಿರುಗುತ್ತದೆ, ಯಾವ ಹೊಂದಾಣಿಕೆಯಿಂದಲೂ ಅದು ಸರಿಯಾಗುವುದಿಲ್ಲ.

ಎತ್ತರ ಸರಿ ಇದ್ದೂ ಗಾಳಿ ಕುಡಿಯುತ್ತಿದ್ದರೆ, ಪ್ರೊಪೆಲ್ಲರಿನ ನೇರ ಮುಂದೆ ತಳದಲ್ಲಿ ಏನಾದರೂ ಇದೆಯಾ ನೋಡಿ. ಫಿಶ್ ಫೈಂಡರಿನ ಸೆನ್ಸರನ್ನು ಅಲ್ಲಿಗೇ ಸ್ಕ್ರೂ ಮಾಡಿದವರು ಸುಮಾರು ಜನ. ಅದು ನೀರನ್ನು ಕಲಕಿ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆಗಳು ಸೀದಾ ಪ್ರೊಪೆಲ್ಲರಿಗೆ ಹೋಗುತ್ತವೆ. ಒಂದು ಬದಿಗೆ ಸರಿಸಿ.

ನೇರ ದಾರಿಯಲ್ಲೂ, ಥ್ರಾಟಲ್ ಕೊಟ್ಟಾಗಲೆಲ್ಲ ಕಿರುಚಿ ನಿಧಾನಕ್ಕೆ ಓಡಿಸಿದರೆ ಸುಮ್ನಿರುತ್ತದೆ ಅಂದರೆ ಪ್ರೊಪೆಲ್ಲರಿನ ಒಳಗಿನ ರಬ್ಬರ್ ಬುಷ್ ಜಾರುತ್ತಿದೆ. ನಡುವಿನ ಲೋಹದ ತೋಳು ತಿರುಗುತ್ತದೆ, ಹೊರಗಿನ ರೆಕ್ಕೆ ಹಿಂದೆ ಬೀಳುತ್ತದೆ. ಪತ್ತೆ ಸುಲಭ. ಪ್ರೊಪೆಲ್ಲರಿನ ಹಿಂಬದಿಯನ್ನು ಒರೆಸಿ, ನಡುವಿನ ತೋಳಿನಿಂದ ರಬ್ಬರಿನ ಮೇಲೆ ಹಾದು ಹೊರಗಿನ ಅಂಚಿನವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಒಂದು ಸುತ್ತು ಜೋರಾಗಿ ಓಡಿಸಿ ಬನ್ನಿ. ಗೆರೆ ತುಂಡಾಗಿ ಒಳಗಿನದ್ದೊಂದು ಕಡೆ, ಹೊರಗಿನದ್ದೊಂದು ಕಡೆ ನಿಂತಿದ್ದರೆ ಬುಷ್ ಹೋಗಿದೆ. ಅದರಲ್ಲೇ ನಿಧಾನಕ್ಕೆ ದಡಕ್ಕೆ ಬರಬಹುದು, ಸಮುದ್ರಕ್ಕೆ ಹೋಗುವ ಹಾಗಿಲ್ಲ.

ಕಲ್ಲಿಗೋ ಮರದ ಬೊಡ್ಡೆಗೋ ತಾಗಿದ ಮೇಲೆ ಇಂಜಿನ್ ತಿರುಗುತ್ತದೆ, ಬೋಟು ಒಂದಿಂಚೂ ಕದಲುವುದಿಲ್ಲ ಅಂದರೆ ಸಣ್ಣ ಇಂಜಿನ್ನುಗಳಲ್ಲಿ ಶಿಯರ್ ಪಿನ್ ತುಂಡಾಗಿರುತ್ತದೆ. ಗೇರನ್ನು ಉಳಿಸಲೆಂದೇ ತಾನು ಮುರಿಯುವ ಪಿನ್ ಅದು. ಅದರ ಜಾಗಕ್ಕೆ ಮೊಳೆ ಹಾಕುವ ಜಾಣತನ ಬೇಡ, ಮುಂದಿನ ಸಲ ಗೇರೇ ಹೋಗುತ್ತದೆ. ಎರಡು ಹೆಚ್ಚಿನ ಪಿನ್ನು, ಒಂದು ಸ್ಪ್ಲಿಟ್ ಪಿನ್ನು ಇಂಜಿನ್ ಮುಚ್ಚಳದ ಒಳಗೆ ಟೇಪ್ ಹಾಕಿ ಅಂಟಿಸಿಡಿ.

ಇದೆಲ್ಲಕ್ಕೂ ಮೊದಲು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದೆಯಾ ನೋಡಿ ಎಂದು ಬೇರೆ ಹೇಳಬೇಕಾ? ನಗರದ ಪಕ್ಕದ ಹೊಳೆಯಲ್ಲಿ ಅದಕ್ಕೇನು ಬರಗಾಲ! ಕೆಲವು ಕ್ಷಣ ರಿವರ್ಸ್ ಕೊಟ್ಟರೆ ಬಿಟ್ಟು ಹೋಗುವುದೂ ಉಂಟು. ಇಂಜಿನ್ನಿನಿಂದ ಚಿಮ್ಮುವ ತಂಪು ನೀರಿನ ಧಾರೆ ನಿಂತಿದ್ದರೆ ಚೀಲ ನೀರೆಳೆಯುವ ಬಾಯಿಯನ್ನೇ ಮುಚ್ಚಿದೆ, ತಕ್ಷಣ ಬಂದ್ ಮಾಡಿ.

ಒಂದು ಬದಿಗೆ ಎಳೆಯುತ್ತದೆ, ಅಥವಾ ವಾಲಿ ಓಡುತ್ತದೆ

ಎಳೆಯುವುದು ಬೇರೆ, ವಾಲುವುದು ಬೇರೆ. ವಾಲಿದರೆ ಭಾರ ಒಂದು ಕಡೆ ಜಾಸ್ತಿ ಇದೆ ಅಥವಾ ತಳದಲ್ಲಿ ನೀರು ನಿಂತಿದೆ. ಬೋಟು ನಿಂತಿರುವಾಗಲೂ ವಾಲಿದ್ದರೆ ಮೊದಲು ನೀರು ಮೊಗೆಯಿರಿ.

ಹ್ಯಾಂಡಲ್ಲಿನಲ್ಲಿ ಎಳೆತ ಅಂದರೆ ಪ್ರೊಪೆಲ್ಲರ್ ತಿರುಗುವ ದಿಕ್ಕಿನ ಪರಿಣಾಮ. ಸ್ವಲ್ಪ ಎಳೆತ ಎಲ್ಲ ಬೋಟಿನಲ್ಲೂ ಇರುತ್ತದೆ. ಕ್ಯಾವಿಟೇಷನ್ ಪ್ಲೇಟಿನ ಅಡಿಯಲ್ಲಿ, ಪ್ರೊಪೆಲ್ಲರಿನ ಮೇಲೆ, ಬೆರಳಿನಷ್ಟು ಉದ್ದದ ಒಂದು ಟ್ರಿಮ್ ಟ್ಯಾಬ್ ಇದ್ದರೆ ಅದರ ಬೋಲ್ಟ್ ಸಡಿಲಿಸಿ ತಿರುಗಿಸಬಹುದು. ಬೋಟು ಬಲಕ್ಕೆ ಎಳೆದರೆ ಟ್ಯಾಬಿನ ಹಿಂದಿನ ತುದಿಯನ್ನು ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ. ಕೂದಲೆಳೆಯಷ್ಟು ಸರಿಸಿ, ಓಡಿಸಿ, ಮತ್ತೆ ಸರಿಸಿ. ತುಂಬ ಸಣ್ಣ ಇಂಜಿನ್ನುಗಳಲ್ಲಿ ಇದು ಇರುವುದಿಲ್ಲ, ಅಲ್ಲಿ ಹ್ಯಾಂಡಲ್ ಬಿಗಿ ಮಾಡುವ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಕೈಗೆ ಹಗುರ. ಆ ಸ್ಕ್ರೂವನ್ನು ಪೂರ್ತಿ ಬಿಗಿದು ಹ್ಯಾಂಡಲ್ ಬಿಟ್ಟು ಎದ್ದು ನಿಲ್ಲುವ ಅಭ್ಯಾಸ ಕೆಲವರಿಗೆ ಉಂಟು. ದಯವಿಟ್ಟು ಬೇಡ.

ಮೊದಲಿಲ್ಲದ ಎಳೆತ ಒಮ್ಮೆಲೇ ಶುರುವಾದರೆ ಇಂಜಿನ್ ಹಲಗೆಯ ಮಧ್ಯದಿಂದ ಜಾರಿರಬಹುದು, ಕಾಲಿನ ಅಡಿಯ ರೆಕ್ಕೆ ಬಗ್ಗಿರಬಹುದು.

ತಿರುವಿನಲ್ಲಿ ಮೂತಿ ನೀರು ಕಚ್ಚಿ ಹಿಂಭಾಗ ಹೊರಕ್ಕೆ ಬೀಸಿದರೆ ಅದು ಅಪಾಯದ ಲಕ್ಷಣ. ಮುಂದೆ ಭಾರ ಜಾಸ್ತಿಯಾಗಿದೆ ಅಥವಾ ಪಿನ್ ತುಂಬ ಒಳಗಿದೆ. ಕುಣಿತ ನಿಲ್ಲಿಸಲು ಹೋಗಿ ಅತಿ ಮಾಡಿದವರಿಗೆ ಹೀಗಾಗುತ್ತದೆ. ಒಂದು ತೂತು ಹೊರಗೆ ಹಾಕಿ.

ಕೈಗೆ, ಕಾಲಿಗೆ ನಡುಕ

ಇಲ್ಲಿ ನನ್ನ ಮೊದಲ ಸಂಶಯ ಯಾವಾಗಲೂ ನೈಲಾನ್ ದಾರದ ಮೇಲೆ. ಗಾಳದ ದಾರ, ಹರಿದ ಬಲೆಯ ತುಂಡು ಪ್ರೊಪೆಲ್ಲರಿಗೂ ಇಂಜಿನ್ನಿನ ಕಾಲಿಗೂ ನಡುವೆ ಶಾಫ್ಟಿಗೆ ಸುತ್ತುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಪ್ರೊಪೆಲ್ಲರ್ ಬಿಚ್ಚಿದರೆ ಶಾಫ್ಟಿನ ಬುಡದಲ್ಲಿ, ಸೀಲಿಗೆ ಒತ್ತಿಕೊಂಡು, ಕರಗಿ ಗಟ್ಟಿಯಾದ ಹಸಿರು ಬಳೆಯೊಂದು ಸಿಗುತ್ತದೆ. ಬ್ಲೇಡಿನಿಂದ ಜಾಗ್ರತೆಯಾಗಿ ಕತ್ತರಿಸಿ ತೆಗೆಯಿರಿ, ಸೀಲಿಗೆ ತಾಗಬಾರದು. ನಡುಕ ಇರಲಿ ಇಲ್ಲದಿರಲಿ, ಬಲೆ ಹಾಕುವ ಜಾಗದಲ್ಲಿ ಓಡಾಡುವ ಬೋಟಾದರೆ ಆಗಾಗ ಬಿಚ್ಚಿ ನೋಡುವುದೇ ಕ್ಷೇಮ.

ದಾರ ಸಿಕ್ಕಿದರೆ ಗೇರ್ ಆಯಿಲನ್ನೂ ನೋಡಲೇಬೇಕು. ಸೀಲ್ ಕೊಯ್ದಿದ್ದರೆ ನೀರು ಒಳಗೆ ಹೋಗಿರುತ್ತದೆ. ಇಂಜಿನ್ ರಾತ್ರಿಯಿಡೀ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಕಾಲಿನ ಅಡಿಯ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೀಳಿಸಿ. ಮೊದಲು ನೀರೇ ಬಂದರೆ, ಅಥವಾ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಸೀಲ್ ಬದಲಿಸದೆ ಎಣ್ಣೆ ಮಾತ್ರ ಬದಲಿಸಿ ಓಡಿಸಿದರೆ ಗೇರಿನ ಖರ್ಚು ಬರುತ್ತದೆ. ಎಣ್ಣೆಯಲ್ಲಿ ಲೋಹದ ಚೂರು ಹೊಳೆದರೆ ಅಲ್ಲಿಗೇ ನಿಲ್ಲಿಸಿ.

ದಾರ ಇಲ್ಲವಾ? ಒಂದು ಪೆನ್ನನ್ನು ಕಾಲಿಗೆ ಟೇಪಿನಲ್ಲಿ ಕಟ್ಟಿ, ತುದಿ ಒಂದು ರೆಕ್ಕೆಯ ಅಂಚಿಗೆ ತಾಗುವ ಹಾಗೆ ಹಿಡಿಸಿ. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ. ಮೂರೂ ರೆಕ್ಕೆ ಒಂದೇ ಥರ ತಾಗಬೇಕು. ಒಂದು ತಾಗಿ ಇನ್ನೊಂದು ಬೆರಳಗಲ ದೂರ ಹೋದರೆ ರೆಕ್ಕೆ ಬಗ್ಗಿದೆ. ಸುತ್ತಿಗೆಯಲ್ಲಿ ಬಡಿದು ನೇರ ಮಾಡಿದ ಅಲ್ಯೂಮಿನಿಯಂ ರೆಕ್ಕೆ ಸೀಳುತ್ತದೆ, ಪ್ರೊಪೆಲ್ಲರ್ ರಿಪೇರಿಯವರಿಗೇ ಕೊಡಿ. ರೆಕ್ಕೆ ಸರಿ ಇದ್ದು ನಡುವಿನ ನಟ್ಟೇ ಓಲಾಡಿದರೆ ಶಾಫ್ಟ್ ಬಗ್ಗಿದೆ. ಅದು ವರ್ಕ್‌ಶಾಪಿನ ಕೆಲಸ.

ವೇಗ ಏರುತ್ತದೆ, ಇಳಿಯುತ್ತದೆ

ಇದು ಓಟದ ದೋಷ ಅಲ್ಲ, ಪೆಟ್ರೋಲಿನದ್ದು. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಓಡುವಾಗ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತಿದರೆ ವೇಗ ಮರಳುತ್ತದಾ? ಹಾಗಾದರೆ ಪೈಪು, ಫಿಲ್ಟರು, ಪಂಪು. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಹಾಕಬೇಡಿ. ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಈ ತೇವಕ್ಕೆ ನೀರು ಹೀರುತ್ತದೆ.

ಅಲೆಗೆ ಬಡಿದು ಬೆನ್ನು ಮುರಿಯುತ್ತದೆ

ಮರಳಿಗೆ ಎಳೆದು ಹಾಕಲು ಅನುಕೂಲ ಎಂದು ತಳ ಚಪ್ಪಟೆ ಇರುವ ಬೋಟು ಅಲೆಗೆ ಬಡಿದೇ ಬಡಿಯುತ್ತದೆ. ಅದರ ಸ್ವಭಾವ ಅದು. ಮಾಡಬಹುದಾದ್ದು ಮೂರು: ವೇಗ ಇಳಿಸುವುದು, ಅಲೆಯನ್ನು ನೇರವಾಗಿ ಎದುರಿಸದೆ ಓರೆಯಾಗಿ ಏರುವುದು, ಭಾರವನ್ನು ಸ್ವಲ್ಪ ಮುಂದೆ ತಂದು ಮೂತಿಯ ಚೂಪು ಭಾಗ ಮೊದಲು ನೀರಿಗೆ ಇಳಿಯುವ ಹಾಗೆ ಮಾಡುವುದು. ಸೀಟಿಗೆ ದಪ್ಪ ಫೋಮ್ ಹಾಕಿಕೊಂಡು ವೇಗ ಹೆಚ್ಚಿಸುವುದು ಪರಿಹಾರ ಅಲ್ಲ. ಆಗ ಬೆನ್ನಿಗೆ ತಿಳಿಯದ ಪೆಟ್ಟು ಬೋಟಿಗೆ ಬೀಳುತ್ತಿರುತ್ತದೆ.

ಹಾಗೆ ಬಡಿಸಿಕೊಂಡ ಬೋಟಿನ ತಳವನ್ನು ಒಂದು ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿ ಜಾಗ 'ಟಕ್' ಅನ್ನುತ್ತದೆ. ಪದರ ಬಿಟ್ಟ ಜಾಗ ಮಂಕಾಗಿ, ಟೊಳ್ಳಾಗಿ ಕೇಳುತ್ತದೆ.

ಹೋಗುವಾಗ ಸರಿ, ಬರುವಾಗ ಬೋಟು ಅಡ್ಡ ತಿರುಗುತ್ತದೆ

ಮಲ್ಪೆಯಿಂದ ಸೇ‌ಂಟ್ ಮೇರೀಸ್ ದ್ವೀಪದ ಕಡೆ ಹೋದವರು ಈ ದೂರು ತರುತ್ತಾರೆ. ಬೆಳಿಗ್ಗೆ ಸಮುದ್ರ ಶಾಂತ. ಮಧ್ಯಾಹ್ನ ಪಶ್ಚಿಮದ ಗಾಳಿ ಎದ್ದ ಮೇಲೆ ವಾಪಸ್ ಬರುವಾಗ ಅಲೆ ಬೆನ್ನ ಹಿಂದಿನಿಂದ ಬರುತ್ತದೆ. ಬೋಟು ಅಲೆಯ ಇಳಿಜಾರಿನಲ್ಲಿ ಜಾರಿ, ಮೂತಿ ಮುಂದಿನ ಅಲೆಗೆ ಚುಚ್ಚಿ, ಹಿಂಭಾಗ ಪಕ್ಕಕ್ಕೆ ಎಸೆಯಲ್ಪಡುತ್ತದೆ. ಬೋಟು ಕೆಟ್ಟಿಲ್ಲ, ಸಮುದ್ರ ಬದಲಾಗಿದೆ. ಬೆಳಿಗ್ಗೆ ಮುಂದಕ್ಕೆ ತಂದ ಭಾರವನ್ನು ಈಗ ಹಿಂದಕ್ಕೆ ಸರಿಸಬೇಕು, ಪಿನ್ ಒಂದು ತೂತು ಹೊರಗೆ. ಇದನ್ನು ದ್ವೀಪದ ಮರೆಯಲ್ಲೇ ಮಾಡಿಕೊಂಡು ಹೊರಡಿ. ಓಡಿಸುವಾಗ ಅಲೆಯ ಬೆನ್ನಿನ ಮೇಲೆ ಇದ್ದು, ಅದರ ವೇಗಕ್ಕೆ ನಿಮ್ಮ ವೇಗ ಹೊಂದಿಸಿ. ಅದನ್ನು ದಾಟಿ ಮುಂದೆ ಜಾರಬಾರದು.

ಅಳಿವೆಯಲ್ಲಿ ಇದೇ ಮಾತು ಹತ್ತು ಪಟ್ಟು. ನೇತ್ರಾವತಿ, ಗುರುಪುರ ಎರಡೂ ಸೇರಿ ಬೆಂಗ್ರೆ ಮತ್ತು ಉಳ್ಳಾಲದ ನಡುವೆ ಸಮುದ್ರಕ್ಕೆ ಬೀಳುವ ಆ ಬಾಗಿಲಿನಲ್ಲಿ, ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಅಲೆ ನೆಟ್ಟಗೆ ನಿಂತು ಮಗುಚುತ್ತದೆ. ಅಲ್ಲಿ ಟ್ರಿಮ್ ಪ್ರಯೋಗ ಮಾಡುವ ಹಾಗಿಲ್ಲ. ಉಬ್ಬರ ಬರುವವರೆಗೆ ಹೊರಗೆ ಕಾಯಿರಿ, ದಿನಾ ದಾಟುವ ನಾಡದೋಣಿಯವರನ್ನು ಕೇಳಿ, ಅವರು ದಾಟದ ದಿನ ನೀವೂ ದಾಟಬೇಡಿ. ತೊಂದರೆಯಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಎರಡೂ ನಂಬರ್ ಫೋನಿನಲ್ಲಿರಲಿ, ಫೋನು ನೀರು ಹೋಗದ ಚೀಲದಲ್ಲಿರಲಿ.

ನಿಲ್ಲಿಸಿ ಕೆಲಸದವರನ್ನು ಕರೆಯುವ ಹೊತ್ತು

ಇಂಜಿನ್ನಿನ ಕಾಲನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಇಂಜಿನ್ ಜತೆಗೆ ಹಲಗೆಯೂ ಬಾಗಿದರೆ, ಬೋಲ್ಟಿನ ತೂತಿನಿಂದ ಕಂದು ನೀರು ಒಸರಿದರೆ, ಫೈಬರಿನ ಒಳಗಿನ ಪ್ಲೈವುಡ್ ಕೊಳೆತಿದೆ. ಆ ಬೋಟನ್ನು ಇನ್ನೊಂದು ಸುತ್ತು ಕೂಡ ಓಡಿಸಬಾರದು, ಇಂಜಿನ್ ಹಲಗೆ ಸಮೇತ ಕಿತ್ತು ನೀರಿಗೆ ಹೋಗುತ್ತದೆ. ಚಕ್ರದ ಸ್ಟೀರಿಂಗ್ ಇರುವ ಬೋಟಿನಲ್ಲಿ ಕೇಬಲ್ ಬಿಗಿಯಾಗಿ ತಡೆದು ತಡೆದು ತಿರುಗಿದರೂ ಅಷ್ಟೇ. ಎಣ್ಣೆ ಬಿಟ್ಟು ತಾತ್ಕಾಲಿಕ ಮಾಡಬೇಡಿ, ಕೇಬಲ್ ಬದಲಿಸಿ.

ಮೆಕ್ಯಾನಿಕ್ಕಿಗೆ ಫೋನ್ ಮಾಡುವಾಗ "ಪುಲ್ಲಿಂಗ್ ಇಲ್ಲ" ಎಂದಷ್ಟೇ ಹೇಳಿದರೆ ಅವರು ಕಾರ್ಬುರೇಟರ್ ಬಿಚ್ಚದೆ ಇನ್ನೇನು ಮಾಡುತ್ತಾರೆ? ಇನ್ನೊಂದು ಬೋಟಿನಿಂದ ಪಕ್ಕಕ್ಕೆ ತೆಗೆದ ಅರ್ಧ ನಿಮಿಷದ ವಿಡಿಯೋ ಕಳಿಸಿ. ಪಿನ್ ಯಾವ ತೂತಿನಲ್ಲಿದೆ, ಪ್ಲೇಟ್ ತಳಕ್ಕಿಂತ ಎಷ್ಟು ಮೇಲಿದೆ, ಪೂರ್ತಿ ಥ್ರಾಟಲಿನಲ್ಲಿ ಎಷ್ಟು ವೇಗ, ಎಷ್ಟು ಆರ್‌ಪಿಎಂ, ಬೋಟಿನಲ್ಲಿ ಎಷ್ಟು ಜನ ಇದ್ದಿರಿ ಎಂದು ಬರೆಯಿರಿ. ಪ್ರೊಪೆಲ್ಲರಿನ ಮೇಲೆ ಒತ್ತಿದ ಅಂಕಿಗಳ ಫೋಟೋವೂ ಇರಲಿ: ಮೊದಲನೆಯದು ಅಗಲ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ.